ಹಕ್ಕಳೆ ಕಟ್ಟಿದ ಗಾಯ

ಕಾಲು ಸುಟ್ಟಿದೆ ಎಂದು ಲಲಿತಮ್ಮನಿಗೆ ಗೊತ್ತಾಗಿದ್ದು ಮನೆಗೆ ಬಂದು ಎಷ್ಟೋ ಹೊತ್ತಾದ ಮೇಲೆ. ಹಜಾರದ ಕೆಂಪು ನೆಲದ ಮೇಲೆ ಬಾಗಿಲಿನಿಂದ ಅಡುಗೆಮನೆಯವರೆಗೆ ಒದ್ದೆ ಹೆಜ್ಜೆಗಳು ಬಿದ್ದಿದ್ದವು, ಎಲ್ಲವೂ ಬಲಗಾಲಿನವು. ನೀರು ಚೆಲ್ಲಿದೆ ಅಂದುಕೊಂಡು ಒರೆಸಿದರು. ಬಟ್ಟೆ ಹಿಂಡಿ ತಿರುಗಿ ನೋಡಿದರೆ ಮತ್ತೆ ಅದೇ ಹೆಜ್ಜೆ. ಆಗ ಗೋಡೆ ಹಿಡಿದು ನಿಂತು ಅಂಗಾಲು ತಿರುಗಿಸಿ ನೋಡಿಕೊಂಡರು. ಹೆಬ್ಬೆರಳಿನ ಬುಡದಲ್ಲಿ ಚರ್ಮ ಬೊಬ್ಬೆಯೆದ್ದು, ಒಡೆದು, ಜೋತುಬಿದ್ದಿತ್ತು. ಆ ದಿನ ತವರೂರು ಹಳೇಬೀಡಿಗೆ ಹೋದವರು ಏಪ್ರಿಲ್ ಬಿಸಿಲಲ್ಲಿ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿದ್ದರು. ಉಳಿದವರೆಲ್ಲ ಕುಣಿಯುತ್ತಾ ನೆರಳಿಗೆ ಓಡಿದರೆ ಇವರೊಬ್ಬರೇ ನಿಧಾನವಾಗಿ ನಡೆದರಂತೆ. ಯಾರೋ ಹೆಂಗಸು, "ನಿಮ್ಮ ಭಕ್ತಿ ದೊಡ್ಡದು ಬಿಡ್ರಮ್ಮ" ಎಂದು ಕೈ ಮುಗಿದಿದ್ದಳಂತೆ. ಅದು ಭಕ್ತಿಯಲ್ಲ, ಸಕ್ಕರೆ ಕಾಯಿಲೆ. ಆ ಅಂಗಾಲಿಗೆ ಬಿಸಿ ತಂಪು ತಿಳಿಯದೆ ವರ್ಷಗಳೇ ಆಗಿದ್ದವು.

ಸಂಜೆಯ ರೈಲಿಳಿದು ಮನೆಗೆ ಬಂದ ಪುಷ್ಪಲತಾ ಆ ಗಾಯ ನೋಡಿ ಕೈಚೀಲವನ್ನು ಇಳಿಸುವುದನ್ನೂ ಮರೆತು ನಿಂತಳು. ಲಲಿತಮ್ಮ ಅವಳ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡ ಮನೆ ಅದು. ಅಣ್ಣ ತೀರಿಕೊಂಡ ಮೇಲೆ ಮಂಡಿಯನ್ನು ತಮ್ಮ ಚನ್ನೇಶ್ ನೋಡಿಕೊಂಡ, ಮನೆಯನ್ನು ಲಲಿತಮ್ಮ ನೋಡಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ಪುಷ್ಪಲತಾಳ ಮಗಳು ಶಿಲ್ಪಾ ಬೆಳೆದಿದ್ದೇ ಅವರ ಸೊಂಟದ ಮೇಲೆ. ಪುಷ್ಪಲತಾ ಮದುವೆಯಾಗಿ ಬಂದು, ಓದು ಮುಂದುವರಿಸಿ, ಡಾಕ್ಟರೇಟ್ ಮುಗಿಸಿ, ತುಮಕೂರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ರಸಾಯನಶಾಸ್ತ್ರಜ್ಞೆಯಾಗಿ ದಿನವೂ ರೈಲಿನಲ್ಲಿ ಹೋಗಿ ಬರುವಂತಾದದ್ದು ಆ ಸೊಂಟದ ಬಲದಿಂದಲೇ. ಇಬ್ಬರಿಗೂ ಅದು ಗೊತ್ತಿತ್ತು. ಲಲಿತಮ್ಮ ಆಗಾಗ ಅದನ್ನು ಆಡಿಯೂ ತೋರಿಸುತ್ತಿದ್ದರು.

"ನೀನು ಅಲ್ಲಿ ಬೇಯಿಸಿದ್ದು ಯಾರ ಹೊಟ್ಟೆಗೂ ಆಗಾಕಿಲ್ಲ. ನಾನು ಇಲ್ಲಿ ಬೇಯಿಸಿದ್ದನ್ನ ಉಂಡು ಅಲ್ಲಿಗೆ ಹೋಗ್ತೀಯ. ದೊಡ್ಡ ಅಡುಗೆ ಯಾರದ್ದೇ?"

"ನಿಮ್ಮದೇ ಅಕ್ಕ" ಎಂದು ಪುಷ್ಪಲತಾ ನಗುತ್ತಿದ್ದಳು. ನಗುವಿನ ಕೆಳಗೆ ಸಣ್ಣದೊಂದು ಮುಳ್ಳು ಯಾವಾಗಲೂ ಇರುತ್ತಿತ್ತು. ತಾನು ಏನು ಮಾಡುತ್ತಿದ್ದೇನೆ ಎಂದು ಈ ಮನೆಯಲ್ಲಿ ಯಾರಿಗಾದರೂ ಒಂದು ದಿನ ತೋರಿಸಬೇಕು ಎಂಬ ಆಸೆಯ ಮುಳ್ಳು.

ಅವಳು ಮಾಡುತ್ತಿದ್ದದ್ದು ಗಾಯಕ್ಕೆ ಹಚ್ಚುವ ಒಂದು ಜೆಲ್. ಕಡಲಪಾಚಿಯಿಂದ ತೆಗೆದ ಉದ್ದನೆಯ ಸರಪಳಿಯಂಥ ಪದಾರ್ಥ ಅದರ ಮೈ. ಆ ಸರಪಳಿಯ ಉದ್ದಕ್ಕೂ ಅವಳು ತಾನೇ ಕಟ್ಟಿದ ಪುಟ್ಟ ಅಣುವೊಂದನ್ನು ತೂಗುಹಾಕಿದ್ದಳು. ಕೀವು ಮಾಡುವ ಸೂಕ್ಷ್ಮಜೀವಿ ಬಂದು ಕಚ್ಚಿದರೆ ಮಾತ್ರ ಆ ಅಣುವಿನ ಗಂಟು ಬಿಚ್ಚಿಕೊಂಡು ಔಷಧಿ ಹೊರಗೆ ಬರಬೇಕು. ಕಚ್ಚದಿದ್ದರೆ ಸುಮ್ಮನಿರಬೇಕು. ಜೆಲ್ ಕೊನೆಯವರೆಗೂ ಎಳನೀರಿನ ಗಂಜಿಯಷ್ಟು ಮೆತ್ತಗಿದ್ದು ಗಾಯದ ರಸವನ್ನು ಹೀರಿಕೊಳ್ಳುತ್ತಿರಬೇಕು. ಹೇಳಲು ಇಷ್ಟೇ. ಮಾಡಲು ಹೋದರೆ ಗಂಟು ಒಮ್ಮೆ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು, ಇನ್ನೊಮ್ಮೆ ಏನು ಮಾಡಿದರೂ ಬಿಚ್ಚುತ್ತಿರಲಿಲ್ಲ. ತಲೆಯ ಒಂದು ಪಾಲು ಕೂದಲು ಬೆಳ್ಳಗಾದ ಮೇಲೆ ಅದು ಅವಳ ಮಾತು ಕೇಳಿತು. ಇಲಿಗಳ ಮೇಲೆ ಕೆಲಸ ಮಾಡಿತು. ಮನುಷ್ಯರ ಮೇಲೆ ಪರೀಕ್ಷಿಸಲು ಅನುಮತಿ ಕೇಳಿದ್ದರು, ಉತ್ತರ ಇನ್ನೂ ಬಂದಿರಲಿಲ್ಲ.

ಊರಿನ ನರ್ಸಿಂಗ್ ಹೋಮಿನ ಸರ್ಜನ್ ಜಯದೇವಪ್ಪನವರು ಲಲಿತಮ್ಮನ ಕಾಲು ನೋಡಿ, "ಹೆಬ್ಬೆರಳು ಉಳಿಸೋದು ಕಷ್ಟ ಆಗ್ಬಹುದು, ನೋಡಣ" ಅಂದಿದ್ದರು. ಅದರ ಮರುದಿನ ಪುಷ್ಪಲತಾ ಯಾರಿಗೂ ಹೇಳದೆ ಪ್ರಯೋಗಾಲಯದ ಫ್ರಿಜ್ಜಿನಿಂದ ಜೆಲ್ ತುಂಬಿದ ಸಿರಿಂಜುಗಳನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ತಂದಳು. ಅಕ್ಕನ ಬೆರಳಿಗಾಗಿ ತಂದೆನೋ, ಜೆಲ್ಲಿಗೊಂದು ನಿಜವಾದ ಗಾಯ ಸಿಕ್ಕಿತೆಂದು ತಂದೆನೋ ಎಂದು ರೈಲಿನಲ್ಲಿ ಒಮ್ಮೆ ಕೇಳಿಕೊಂಡಳು. ತಿಪಟೂರು ದಾಟುವ ಹೊತ್ತಿಗೆ ಆ ಪ್ರಶ್ನೆಯನ್ನು ಬಿಟ್ಟುಬಿಟ್ಟಳು.

"ಅರಿಶಿನ ಹಚ್ಚಬೇಡಿ ಅಕ್ಕ. ಕೊಬ್ಬರಿ ಎಣ್ಣೆ ಬೇಡ, ತುಪ್ಪ ಬೇಡ. ಯಾರಾದ್ರೂ ಸೊಪ್ಪಿನ ರಸ ಅಂದ್ರೆ ಬೇಡ ಅನ್ನಿ. ಕಾಫಿಪುಡಿಯಂತೂ ಬೇಡವೇ ಬೇಡ."

"ಕಾಫಿಪುಡಿ ಕುಡಿಯಾಕೇ ಸಾಲ್ದು, ಕಾಲಿಗೆ ಯಾರೇ ಹಚ್ತಾರೆ?"

"ಹಚ್ತಾರೆ, ನಿಮಗೆ ಗೊತ್ತಿಲ್ಲ."

"ನಂಗೇನೂ ಗೊತ್ತಿಲ್ಲ ಬಿಡು. ನೀನು ಹೇಳ್ದಂಗೆ ಕೇಳ್ತೀನಿ" ಎಂದು ಲಲಿತಮ್ಮ ಮಗುವಿನ ಹಾಗೆ ಕಾಲು ಚಾಚಿದರು. ಪುಷ್ಪಲತಾ ಅವರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಗಾಯ ತೊಳೆದು ಜೆಲ್ ಹಚ್ಚಿದಳು. ಇಷ್ಟು ವರ್ಷಗಳಲ್ಲಿ ಆ ಪಾದವನ್ನು ಹಬ್ಬಕ್ಕೆ ನಮಸ್ಕರಿಸುವಾಗ ಮುಟ್ಟಿದ್ದು ಬಿಟ್ಟರೆ ಹೀಗೆ ಹಿಡಿದಿರಲಿಲ್ಲ.

ಎರಡು ವಾರದಲ್ಲಿ ಗಾಯದ ಅಂಚು ಗುಲಾಬಿ ಬಣ್ಣಕ್ಕೆ ತಿರುಗಿತು. ಜಯದೇವಪ್ಪನವರು ಕನ್ನಡಕ ಮೇಲೆತ್ತಿ, "ಏನು ಹಾಕ್ತಿದ್ದೀರಿ ಮೇಡಂ?" ಅಂದಾಗ ಪುಷ್ಪಲತಾ ಯಾವುದೋ ಹೊಸ ಮುಲಾಮು ಎಂದು ಹಾರಿಸಿ ಹೇಳಿದಳು. ಅದರ ಬೆನ್ನಲ್ಲೇ ಲಲಿತಮ್ಮನ ತಮ್ಮ ಷಡಕ್ಷರಪ್ಪನ ಗೃಹಪ್ರವೇಶ ಬಂತು. ಹಳೇಬೀಡಿನ ಕೆರೆ ಪಕ್ಕ ಹೊಸ ಮನೆ. ಅಕ್ಕ ಬರದೆ ಹಾಲು ಉಕ್ಕಿಸುವುದಿಲ್ಲ ಎಂದು ಅವನು ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದ. ಪುಷ್ಪಲತಾ ಸಿರಿಂಜುಗಳನ್ನು ಥರ್ಮಾಸಿನಲ್ಲಿಟ್ಟು ಕೊಟ್ಟು, ಷಡಕ್ಷರಪ್ಪನ ಹೆಂಡತಿ ದ್ರಾಕ್ಷಾಯಣಿಗೆ ಫೋನಿನಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಎರಡು ದಿನಕ್ಕೆಂದು ಹೋದವರು ತವರಿನ ಉಪಚಾರದಲ್ಲಿ ಅಲ್ಲೇ ಉಳಿದರು.

ಒಂದು ಬೆಳಿಗ್ಗೆ ರೈಲಿನಲ್ಲಿದ್ದಾಗ ದ್ರಾಕ್ಷಾಯಣಿಯಿಂದ ವಾಟ್ಸಾಪಿಗೆ ಫೋಟೊ ಬಂತು. ಗಾಯದ ಮೇಲೆ ಬೆಳ್ಳಗೆ, ಒಣಗಿದ, ಗಟ್ಟಿ ಹಕ್ಕಳೆ. ಕೆಳಗೆ ಧ್ವನಿ ಸಂದೇಶ: "ನೋಡಿ ಅಕ್ಕ, ಹಕ್ಕಳೆ ಕಟ್ಬಿಟ್ಟೈತೆ! ಕಿತ್ರೆ ರಕ್ತ ಬಂದಾತು ಅಂತ ಹಂಗೇ ಬಿಟ್ಟು ಮೇಲ್ಮೇಲೇ ಹಚ್ತಿದ್ದೀವಿ. ನಿಮ್ಮ ಔಷಧೀನ ಇಲ್ಲಿ ಬೀದಿಯೋರೆಲ್ಲ ಕೇಳ್ತಾವ್ರೆ."

ಪುಷ್ಪಲತಾ ಆ ಚಿತ್ರವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು. ತನ್ನ ಜೆಲ್ ಹಕ್ಕಳೆ ಕಟ್ಟುವಂಥದ್ದಲ್ಲ, ಅದು ಮೆತ್ತಗೇ ಇರಬೇಕಾದದ್ದು ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮನಸ್ಸಿನಲ್ಲಿ ಏನೋ ಒಂದು ಎಳೆ ಜಗ್ಗಿತು. ಆದರೆ ಹಕ್ಕಳೆ ಕಂಡರೆ ಗಾಯ ಮಾಯುತ್ತಿದೆ ಎಂದು ನಂಬಿ ಬೆಳೆದ ಕಣ್ಣು ಅವಳದೂ ಹೌದು. ಬೀದಿಯವರೆಲ್ಲ ಕೇಳುತ್ತಿದ್ದಾರೆ ಎಂಬ ಮಾತನ್ನು ಮತ್ತೆ ಹಾಕಿ ಕೇಳಿದಳು. ಎದುರು ಸೀಟಿನಲ್ಲಿದ್ದ ಅಪರಿಚಿತ ಹೆಂಗಸು ಅವಳ ಮುಖ ನೋಡಿ, "ಏನಮ್ಮಾ, ಮೊಮ್ಮಗುವಾ?" ಎಂದಳು. ಪುಷ್ಪಲತಾ ನಕ್ಕು ಫೋನು ಮುಚ್ಚಿದಳು.

ಆ ವಾರದ ಕೊನೆಗೆ ಷಡಕ್ಷರಪ್ಪ ಲಲಿತಮ್ಮನನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಜಾವಗಲ್ ದಾರಿಯಲ್ಲಿ ಹಾರನ್ ಬಾರಿಸುತ್ತಾ ನರ್ಸಿಂಗ್ ಹೋಮಿಗೆ ಬಂದ. ಮೈ ಕಾದ ಹೆಂಚಿನಂತಿತ್ತು. ಮೀನಖಂಡದವರೆಗೆ ಕಾಲು ಊದಿ ಹೊಳೆಯುತ್ತಿತ್ತು. ಲಲಿತಮ್ಮ, ಎಂದೋ ಓದು ಮುಗಿಸಿ ದೂರ ಹೋಗಿದ್ದ ಶಿಲ್ಪಾಳನ್ನು ಶಾಲೆಯಿಂದ ಕರೆತರಲು ಹೊತ್ತಾಯಿತು ಎಂದು ಕನವರಿಸುತ್ತಿದ್ದರು.

ಜಯದೇವಪ್ಪನವರು ಪಟ್ಟಿ ಬಿಚ್ಚಿ ಇಕ್ಕಳದ ತುದಿಯಿಂದ ಆ ಬಿಳಿ ಹಕ್ಕಳೆಯನ್ನು ತಟ್ಟಿದರು. ಟಕ್ ಟಕ್ ಎಂದಿತು.

"ಏನು ಮೇಡಂ ಇದು? ಕೊಬ್ಬರಿ ಚಿಪ್ಪು ಅಂಟಿಸ್ದಂಗೈತೆ."

ಅಂಚಿಗೆ ಇಕ್ಕಳ ತೂರಿಸಿ ಎತ್ತಿದರು. ಒಂದೇ ತುಂಡಾಗಿ ಬಂತು. ಕೆಳಗಿನಿಂದ ಬಂದ ವಾಸನೆಗೆ ಪಕ್ಕದಲ್ಲಿದ್ದ ನರ್ಸ್ ಮುಖ ತಿರುಗಿಸಿದಳು. ಕೀವು ದಾರಿಯಿಲ್ಲದೆ ಒಳಗೇ ಕೊರೆದುಕೊಂಡು ಮೂಳೆ ಮುಟ್ಟಿತ್ತು.

"ಇದು ಹಕ್ಕಳೆ ಅಲ್ಲ, ಮುಚ್ಚಳ" ಎಂದರು ಜಯದೇವಪ್ಪ. "ಬೆರಳಿನ ಮಾತು ಮುಗೀತು ಮೇಡಂ. ಮೊಣಕಾಲಿನ ಕೆಳಗೆ ತೆಗೀಬೇಕು. ತಡ ಮಾಡಿದ್ರೆ ಮೊಣಕಾಲೂ ಹೋಗ್ತದೆ, ಆಮೇಲೆ ಜೀವಾನೂ ಹೋಗ್ತದೆ."

ಹಚ್ಚಿದ್ದು ಏನೆಂದು ಪುಷ್ಪಲತಾ ಜಯದೇವಪ್ಪನವರ ಎದುರು ಒಪ್ಪಿಕೊಂಡಿದ್ದನ್ನು ಕೇಳಿದ್ದ ಚನ್ನೇಶ್ ಸಹಿ ಹಾಕಿ ಬಂದು ಕಾರಿಡಾರಿನಲ್ಲಿ ಹೆಂಡತಿಯ ಎದುರು ನಿಂತ. ಮಂಡಿಯಲ್ಲಿ ಕೂಗಾಡಿ ಅಭ್ಯಾಸವಿದ್ದ ಗಂಡಸು, ಆವತ್ತು ದನಿ ಏರಿಸಲೇ ಇಲ್ಲ.

"ಇಲಿಗೆ ಹಾಕಿ ನೋಡೋದ್ನ ತಂದು ಅತ್ತಿಗೆ ಕಾಲಿಗೆ ಹಾಕಿದ್ದೀಯಲ್ಲೇ. ಯಾಕೆ, ಅಲ್ಲಿ ಇಲಿ ಮುಗ್ದೋಗಿದ್ವಾ?"

ಪುಷ್ಪಲತಾಳ ಕೈಯಲ್ಲಿ ನರ್ಸ್ ಕೊಟ್ಟ ಸಣ್ಣ ಬಾಟಲಿ ಇತ್ತು, ಅದರೊಳಗೆ ಆ ಮುಚ್ಚಳದ ಒಂದು ಚೂರು. ಒಳಗೆ ಲಲಿತಮ್ಮನ ಕಾಲು ಕೊಯ್ಯುತ್ತಿರುವಾಗ ಅವಳು ಬೆಂಚಿನ ಮೇಲೆ ಕೂತು ಚೂರನ್ನು ಹೊರಗೆ ತೆಗೆದು, ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದಳು. ನುಣ್ಣನೆಯ ಬಿಳಿ ಪುಡಿ ಬೆರಳಿಗೆ ಹತ್ತಿತು. ಆ ನುಣುಪು ಅವಳ ಕೈಗೆ ಹುಟ್ಟಿದಾಗಿನಿಂದ ಪರಿಚಯ. ಕೇರುಬೀಜದ ವಾಸನೆಯ ಲಿಂಗದ ಕರಡಿಗೆ, ಬಿಲ್ವಪತ್ರೆ, ಕರ್ಪೂರ, ಬೆಳಗಿನ ಒದ್ದೆ ಸೀರೆ, ಎಲ್ಲವೂ ಆ ನುಣುಪಿನ ಜೊತೆಗೇ ಬರುತ್ತಿದ್ದವು. ವಿಭೂತಿ.

ಮರುದಿನ ಪ್ರಯೋಗಾಲಯದಲ್ಲಿ ಉಪಕರಣಗಳೂ ಅದನ್ನೇ ಹೇಳಿದವು. ವಿಭೂತಿ ಗಟ್ಟಿಯ ತುಂಬ ಜಿಪ್ಸಂ ಮತ್ತು ಸೀಮೆಸುಣ್ಣ, ಅಂದರೆ ಕ್ಯಾಲ್ಸಿಯಂ. ಕಡಲಪಾಚಿಯ ಸರಪಳಿಗೆ ಕ್ಯಾಲ್ಸಿಯಂ ಸಿಕ್ಕರೆ ಎಳೆಗಳು ಒಂದನ್ನೊಂದು ಕಚ್ಚಿ ಹಿಡಿದು ಕಲ್ಲಾಗುತ್ತವೆ. ಇದು ಡಿಗ್ರಿ ಮಕ್ಕಳಿಗೂ ಗೊತ್ತಿರುವ ವಿಷಯ. ಸಂಸ್ಥೆ ಸೇರುವ ಮುಂಚೆ ಕಾಲೇಜಿನಲ್ಲಿ ಎಷ್ಟೋ ವರ್ಷ ಅವಳೇ ಪಾಠ ಮಾಡಿದ್ದಳು.

ಅವಳ ಮೇಲಧಿಕಾರಿ ಅರುಣಾ ಎಲ್ಲವನ್ನೂ ಕೇಳಿಸಿಕೊಂಡು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಾ ಕೂತಳು.

"ಹೇಳದೆ ತಗೊಂಡು ಹೋಗಿದ್ದನ್ನ ನಾನು ಮೇಲಿನವರಿಗೆ ತಿಳಿಸಲೇಬೇಕು ಪುಷ್ಪಾ. ನಿಮ್ಮ ಕೆಲಸ ಉಳಿಯುತ್ತೋ ಇಲ್ವೋ ಗೊತ್ತಿಲ್ಲ. ಆದ್ರೆ ಒಂದು ಹೇಳ್ತೀನಿ. ಅನುಮತಿ ಬಂದಿದ್ರೆ ಇದನ್ನ ಎಷ್ಟೋ ಜನಕ್ಕೆ ಹಾಕ್ತಿದ್ವಿ. ಅವರಲ್ಲೂ ಅರ್ಧ ಜನ ವಿಭೂತಿ ಹಚ್ಚೋರೇ. ಮೊದಲೇ ಗೊತ್ತಾಗಿದ್ದು ಒಳ್ಳೇದಾಯ್ತು."

ಒಳ್ಳೇದಾಯ್ತು. ಪುಷ್ಪಲತಾ ಆ ಪದವನ್ನು ರೈಲಿನ ಉದ್ದಕ್ಕೂ ಬಾಯಲ್ಲಿಟ್ಟುಕೊಂಡು ಬಂದಳು, ಉಗುಳಲಾಗದ ಕಹಿಯ ಹಾಗೆ.

ಔಷಧಿಯೇ ಕೈಕೊಟ್ಟಿತು ಎಂದು ಲಲಿತಮ್ಮನಿಗೆ ಹೇಳಿಬಿಡಬಹುದಿತ್ತು. ಚನ್ನೇಶ್ ಹೇಗೂ ಹಾಗೆಂದೇ ನಂಬಿದ್ದ. ಆದರೆ ಎಷ್ಟು ಸಲ, ಎಷ್ಟೆಷ್ಟು ಹಚ್ಚಿದರು ಎಂದು ಅರುಣಾಳಿಗೆ ತಿಳಿಯಬೇಕಿತ್ತು, ಅದನ್ನು ಅವರನ್ನೇ ಕೇಳಬೇಕಿತ್ತು. ಕೇಳಿದರೆ ಹೇಳಿದಂತೆಯೇ. ವಾರ್ಡಿನಲ್ಲಿ ಲಲಿತಮ್ಮ ದಿಂಬಿಗೆ ಒರಗಿ ಕೂತಿದ್ದರು. ಹೊದಿಕೆಯ ಕೆಳಗೆ ಒಂದು ಕಡೆ ಪಾದದ ಉಬ್ಬು ಇತ್ತು, ಇನ್ನೊಂದು ಕಡೆ ಚಪ್ಪಟೆ. ಬೆಳಗಿನ ಪೂಜೆ ಹಾಸಿಗೆಯಲ್ಲೇ ಆಗಿತ್ತು. ಹಣೆಯ ಮೇಲೆ ಮೂರು ಗೆರೆ ಇನ್ನೂ ಒದ್ದೆಯಾಗಿದ್ದವು. ಗಂಡ ಹೋದ ದಿನ ಆ ಹಣೆಯ ಕುಂಕುಮ ಹೋಗಿತ್ತು. ಉಳಿದದ್ದು ವಿಭೂತಿಯೊಂದೇ.

"ಅಕ್ಕ, ಹಳೇಬೀಡಲ್ಲಿದ್ದಾಗ ಗಾಯದ ಮೇಲೆ ವಿಭೂತಿ ಹಚ್ಚಿದ್ರಾ?"

"ಹೂಂ, ದಿನಾ" ಎಂದರು ಲಲಿತಮ್ಮ, ನೀರು ಕುಡಿದಿರಾ ಎಂದು ಕೇಳಿದಂತೆ. "ಹಣೆಗೆ, ತೋಳಿಗೆ, ಎದೆಗೆ ಹಚ್ಕೊಂಡು ಕೊನೆಗೆ ಅಲ್ಲಿಗೂ ಒಂದು ಚೂರು. ಮನೇಲಿ ನೀನು ಬಿಗಿಯಾಗಿ ಪಟ್ಟಿ ಕಟ್ತಿದ್ದೆ, ಅಲ್ಲಿ ನಿನ್ನ ಔಷಧಿ ಜಾರಿ ಹೋಗ್ತಿತ್ತು ನೋಡು, ಮೇಲೆ ಉದುರಿಸಿದ್ರೆ ನಿಲ್ತಿತ್ತು. ಯಾಕೆ?"

ಲಲಿತಮ್ಮ ಪುಷ್ಪಲತಾಳ ಮುಖವನ್ನೇ ನೋಡುತ್ತಿದ್ದರು. ಶಿಲ್ಪಾ ಸುಳ್ಳು ಹೇಳಿದಾಗಲೂ ಹೀಗೇ ನೋಡುತ್ತಿದ್ದದ್ದು.

"ನೀನು ಅರಿಶಿನ ಬೇಡ ಅಂದೆ, ಹಚ್ಚಲಿಲ್ಲ. ಎಣ್ಣೆ ಬೇಡ ಅಂದೆ, ಮುಟ್ಟಲಿಲ್ಲ. ದ್ರಾಕ್ಷಾಯಣಿ ತುಪ್ಪ ತಂದ್ರೆ ಬೈದು ಕಳಿಸ್ದೆ. ವಿಭೂತಿ ಬೇಡ ಅನ್ಲಿಲ್ವಲ್ಲೇ."

"ಅನ್ನಲಿಲ್ಲ ಅಕ್ಕ."

ಯಾಕೆ ಅನ್ನಲಿಲ್ಲ ಎಂದು ಅವಳು ತನ್ನನ್ನೇ ಕೇಳಿಕೊಂಡಿದ್ದಳು. ಮರೆತಿದ್ದಲ್ಲ. ಬೇಡದ ಪದಾರ್ಥಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡಾಗ ವಿಭೂತಿ ಪದಾರ್ಥವೆಂದೇ ಅವಳಿಗೆ ಹೊಳೆದಿರಲಿಲ್ಲ. ಜ್ವರ ಬಂದರೆ, ಹಲ್ಲಿ ಮೈಮೇಲೆ ಬಿದ್ದರೆ, ಮಂಡಿ ತರಚಿದರೆ ಅವಳ ತಾಯಿ ಹಚ್ಚುತ್ತಿದ್ದದ್ದು ಅದನ್ನೇ. ಈಗಲೂ ರೈಲಿಗೆ ಹೊರಡುವ ಮುಂಚೆ ತೆಳ್ಳಗೆ ಒಂದು ಗೆರೆ ಎಳೆದುಕೊಂಡೇ ಹೋಗುತ್ತಿದ್ದಳು. ಜಗತ್ತಿನಲ್ಲಿ ಇರುವುದೆಲ್ಲ ರಸಾಯನವೇ ಎಂದು ಮಕ್ಕಳಿಗೆ ಹೇಳಿಕೊಟ್ಟವಳು, ಅದೊಂದನ್ನು ಮಾತ್ರ ಉಸಿರಿನ ಹಾಗೆ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

"ಅದ್ರಿಂದಾನಾ?" ಲಲಿತಮ್ಮ ಕೇಳಿದರು.

"ನನ್ನ ಜೆಲ್ಲೂ ಅದೂ ಸೇರಿ ಗಟ್ಟಿಯಾಯ್ತು. ಒಳಗೆ ಕೀವು ಕಟ್ಕೊಂಡಿತು. ನಾನು ಕೇಳಬೇಕಿತ್ತು. ಫೋಟೊ ನೋಡಿದಾಗಲಾದ್ರೂ ಓಡಿ ಬರಬೇಕಿತ್ತು."

"ಅದನ್ನಲ್ಲ ನಾನು ಕೇಳಿದ್ದು. ಹಚ್ಚದೇ ಇದ್ದಿದ್ರೆ ಕಾಲು ಉಳೀತಿತ್ತಾ?"

"ಉಳೀಬಹುದಿತ್ತು."

"ಬಹುದಿತ್ತು ಗಿಹುದಿತ್ತು ಬೇಡ. ಹೌದು ಅನ್ನು, ಇಲ್ಲ ಅನ್ನು."

"ಹೌದು ಅಕ್ಕ."

ಲಲಿತಮ್ಮ ಗೋಡೆಯ ಕಡೆ ತಿರುಗಿ ಮಲಗಿದರು.

ಮನೆಗೆ ಬಂದ ಮೇಲೂ ಮಾತು ಕಡಿಮೆಯಾಯಿತು. ಉಳಿದ ಮೊಂಡುಗಾಲಿಗೆ ಪುಷ್ಪಲತಾ ದಿನವೂ ಪಟ್ಟಿ ಕಟ್ಟುತ್ತಿದ್ದಳು. ಸಂಸ್ಥೆ ಅವಳನ್ನು ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಲು ಹೇಳಿತ್ತು. ವಿಚಿತ್ರವೆಂದರೆ, ಇದ್ದಾಗ ಕೆಂಡದಂಥ ಕಲ್ಲನ್ನೂ ಅರಿಯದ ಪಾದ ಹೋದ ಮೇಲೆ ಉರಿಯತೊಡಗಿತು. "ಅಂಗಾಲು ಸುಡ್ತೈತೆ ಕಣೇ, ಏನಾದ್ರೂ ಹಾಕು" ಎಂದು ಲಲಿತಮ್ಮ ಹಲ್ಲು ಕಚ್ಚಿ ಹೇಳಿದಾಗ ಪುಷ್ಪಲತಾ ಹಾಸಿಗೆಯ ಖಾಲಿ ಜಾಗವನ್ನು ನೋಡುತ್ತಾ ಕೂರುತ್ತಿದ್ದಳು. ಅಲ್ಲಿಗೆ ಹಚ್ಚುವಂಥದ್ದನ್ನು ಯಾರೂ ಇನ್ನೂ ಕಟ್ಟಿರಲಿಲ್ಲ.

ಒಂದು ಭಾನುವಾರ ಚನ್ನೇಶ್ ಬೇಲೂರಿಗೆ ಮದುವೆಗೆ ಹೋಗಿದ್ದ. ಲಲಿತಮ್ಮ ಮಂಚದ ಅಂಚಿಗೆ ಸರಿದು ಕೂತು, "ತೋರ್ಸು" ಅಂದರು.

"ಏನನ್ನ ಅಕ್ಕ?"

"ಅದು ಹೆಂಗೆ ಗಟ್ಟಿಯಾಯ್ತದೆ ಅಂತ. ನೀನು ಹೇಳಿದ್ದು ಕೇಳ್ದೆ. ಕಣ್ಣಲ್ಲಿ ನೋಡ್ಬೇಕು."

ಫ್ರಿಜ್ಜಿನ ಮೂಲೆಯಲ್ಲಿ ಒಂದು ಸಿರಿಂಜು ಉಳಿದಿತ್ತು. ಪುಷ್ಪಲತಾ ಸ್ಟೀಲ್ ತಟ್ಟೆಯ ಮೇಲೆ ಜೆಲ್ ಹರಡಿದಳು. ಲಲಿತಮ್ಮ ದೇವರ ಕೋಣೆಯಿಂದ ವಿಭೂತಿ ಗಟ್ಟಿಯನ್ನು ತರಿಸಿಕೊಂಡು, ನೀರಲ್ಲಿ ಬೆರಳದ್ದಿ ಉಜ್ಜಿ, ಮೂರು ಬೆರಳಿನಿಂದ ಅದರ ಮೇಲೆ ಎಳೆದರು. ಆಮೇಲೆ ಒಣಪುಡಿ ಉದುರಿಸಿದರು. ಕೈ ಹಳೆಯ ರೂಢಿಯಲ್ಲೇ ಆಡಿತು, ತುಟಿಯೂ ಮಂತ್ರಕ್ಕೆ ಅಲುಗಿತು. ಇಬ್ಬರೂ ತಟ್ಟೆಯ ಆಚೀಚೆ ಕೂತು ಹುರುಳಿಕಾಯಿ ಬಿಡಿಸಿದರು. ಒಂದು ಗೂಡ್ಸ್ ರೈಲು ಹೋಯಿತು. ಪಕ್ಕದ ಮನೆಯವರು ಕೊಬ್ಬರಿ ಒಣಹಾಕುವ ಸದ್ದು ಬಂತು. ಕಾಯಿ ಬಿಡಿಸಿ ಮುಗಿದಾಗ ಲಲಿತಮ್ಮ ಉಗುರಿನಿಂದ ತಟ್ಟೆಯ ಮೇಲೆ ಒತ್ತಿದರು. ಉಗುರು ಇಳಿಯಲಿಲ್ಲ.

ಅವರು ಬಹಳ ಹೊತ್ತು ಅದನ್ನೇ ನೋಡಿದರು. ಅವರ ಮುಖ ನೋಡಲಾರದೆ ಪುಷ್ಪಲತಾ, ಅಷ್ಟು ದಿನ ಸಮಾಧಾನಕ್ಕೆಂದು ಕಾಪಾಡಿ ಇಟ್ಟುಕೊಂಡಿದ್ದ ಮಾತನ್ನು ಆಡಿಬಿಟ್ಟಳು.

"ಇದು ನಿಮ್ಮ ತಪ್ಪಲ್ಲ ಅಕ್ಕ, ವಿಭೂತಿಯ ತಪ್ಪೂ ಅಲ್ಲ. ಇದು ವಿಭೂತಿನೇ ಅಲ್ಲ. ಹಸುವಿನ ಸಗಣಿ ಸುಟ್ಟು ಮಾಡಿದ ಬೂದಿನೂ ಹಾಕಿ ನೋಡ್ದೆ, ಅದು ಹಿಂಗೆ ಕಲ್ಲಾಗಲಿಲ್ಲ. ಅಂಗಡಿಯಲ್ಲಿ ಬೆಳ್ಳಗೆ ಕಾಣ್ಲಿ ಅಂತ ಜಿಪ್ಸಂ ಪುಡಿ ಅಚ್ಚು ಹಾಕಿ ಮಾರ್ತಾರೆ. ಮೂಳೆ ಮುರಿದ್ರೆ ಪ್ಲಾಸ್ಟರ್ ಹಾಕ್ತಾರಲ್ಲ, ಆ ಜಾತಿದು."

ಲಲಿತಮ್ಮ ನಿಧಾನವಾಗಿ ತಲೆಯೆತ್ತಿದರು.

"ಪೇಟೆ ಅಂಗಡಿದು?"

"ಹೂಂ."

"ನಾವು ಯಾವತ್ತೂ ತರೋದು ಅದೇ ಅಂಗಡಿದು."

ಪುಷ್ಪಲತಾಳಿಗೆ ಆಗ ಅರ್ಥವಾಯಿತು. ಆದರೆ ಮಾತು ಬಾಯಿ ಬಿಟ್ಟು ಹೋಗಿತ್ತು.

"ಅಂದ್ರೆ ಇಷ್ಟು ವರ್ಷ ಲಿಂಗಕ್ಕೆ ಹಚ್ಚಿದ್ದೂ ಇದೇನಾ?" ಲಲಿತಮ್ಮ ಎದೆಯ ಮೇಲಿನ ಕರಡಿಗೆಯನ್ನು ಸೆರಗಿನ ಮೇಲಿಂದಲೇ ಹಿಡಿದುಕೊಂಡರು. "ನಮ್ಮ ಯಜಮಾನ್ರನ್ನ ಮಣ್ಣು ಮಾಡ್ದಾಗ ಗುಣಿ ತುಂಬ ವಿಭೂತಿ ಗಟ್ಟಿ ಇಳಿಸಿದ್ವಲ್ಲ, ಚೀಲ ಚೀಲ ತಂದು. ಅದೂನೂ?"

ಪುಷ್ಪಲತಾ ತಟ್ಟೆ ನೋಡುತ್ತಾ ಕೂತಳು. ಆ ಚೀಲಗಳನ್ನು ಆಟೋದಿಂದ ಇಳಿಸಿಕೊಂಡಿದ್ದು ಅವಳೇ.

"ಆಸ್ಪತ್ರೇಲಿ ಎಲ್ರಿಗೂ ಹೇಳು" ಎಂದರು ಲಲಿತಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಬಹಳ ದಣಿವಿತ್ತು. "ಗಾಯಕ್ಕೆ ಹಚ್ಚಬ್ಯಾಡ್ರಪ್ಪಾ ಅಂತ. ನನ್ನ ಹೆಸರು ಹೇಳ್ಬೇಕಂದ್ರೂ ಹೇಳು. ಇನ್ನೊಬ್ಬಳ ಕಾಲು ಉಳೀಲಿ. ಆದ್ರೆ ಈ ಕೊನೇ ಮಾತು ನನಗೆ ಹೇಳ್ಬಾರ್ದಿತ್ತು ಕಣೇ ಪುಷ್ಪ. ಕಾಲು ಹೋಗಿತ್ತು. ಅಷ್ಟು ಸಾಕಿತ್ತು."

"ಅಕ್ಕ, ನಾನು ಸಮಾಧಾನಕ್ಕೆ..."

"ನಾಳೆಯಿಂದ ಪಟ್ಟಿ ಕಟ್ಟಾಕೆ ನರ್ಸಮ್ಮನ್ನ ಕರೆಸು. ನೀನು ಮುಟ್ಟಬ್ಯಾಡ."

ಅವರು ವಾಕರನ್ನು ಎಳೆದುಕೊಂಡು, ಎರಡು ಸಲ ಕುಸಿದು ಕೂತು, ಮೂರನೆಯ ಸಲ ಎದ್ದು ನಿಂತರು. ಪುಷ್ಪಲತಾ ಕೈ ಚಾಚಿದಳು. ಅವರು ಆ ಕೈಯನ್ನು ನೋಡಲಿಲ್ಲ. ವಾಕರ್ ಊರುವ ಸದ್ದು, ಒಂದೇ ಕಾಲು ಕುಪ್ಪಳಿಸುವ ಸದ್ದು, ಹಜಾರ ದಾಟಿ ಬಚ್ಚಲುಮನೆಯ ಕಡೆಗೆ ಹೋಯಿತು. ನಡುವೆ ಎಲ್ಲೋ ನಿಂತುಹೋಯಿತು. ಪುಷ್ಪಲತಾ ಅರ್ಧ ಎದ್ದಳು. ಕರೆ ಬರಬಹುದೆಂದು ಕಾದಳು. ಆ ಕ್ಷಣದಲ್ಲಿ ಅವರು ಗೋಡೆ ಹಿಡಿದು ನಿಂತಿದ್ದರೋ, ಅಳುತ್ತಿದ್ದರೋ, ಉಸಿರು ತೆಗೆದುಕೊಳ್ಳುತ್ತಿದ್ದರೋ ಅವಳಿಗೆ ಗೊತ್ತಾಗಲಿಲ್ಲ. ಹೋಗಿ ನೋಡುವ ಹಕ್ಕು ಅವಳಿಗೆ ಇರಲಿಲ್ಲ. ಬಹಳ ಹೊತ್ತಿನ ಮೇಲೆ ವಾಕರ್ ಮತ್ತೆ ನೆಲಕ್ಕೆ ತಾಗಿತು.